ಅಪ್‌ಡೇಟ್: ಕೆಲಸ ಹೋದ ಮೇಲೆ ಪ್ರಾರ್ಥನೆಯೂ ಬರುತ್ತಿಲ್ಲ ಎಂದು ಕೇಳಿದ್ದೆ

ದಾವಣಗೆರೆಯಲ್ಲಿ ಕೆಲಸ ಕಳೆದುಕೊಂಡು, ನಿದ್ದೆಗೆಟ್ಟು, ಪ್ರಾರ್ಥಿಸಲೂ ಮಾತು ಹೊರಡದೆ ಸಲಹೆ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಬೈಬಲನ್ನು ಮೊದಲಿನಿಂದ ಓದುವ ಸಲಹೆ ನನಗೆ ಒಗ್ಗಲಿಲ್ಲ, ಮೂರನೆಯ ಪುಸ್ತಕವಾದ ಯಾಜಕಕಾಂಡ ದಾಟಲಾಗಲಿಲ್ಲ. ಕೈಹಿಡಿದದ್ದು, ಬೈಬಲಿನಲ್ಲಿರುವ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ ದಿನಕ್ಕೊಂದನ್ನು ಗಟ್ಟಿಯಾಗಿ ಓದಿ ಎಂದ ಅಕ್ಕನ ಮಾತು. 150 ಕೀರ್ತನೆಗಳಲ್ಲಿ ಇಷ್ಟೊಂದು ಅಳಲು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ! 13ನೆಯದು ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಹೀಗೆ ಕೇಳುವುದೂ ಪ್ರಾರ್ಥನೆಯೇ ಎಂದು ತಿಳಿದಾಗ ಎದೆಯ ಭಾರ ಇಳಿಯಿತು. ಚಿಂತಿಸಬೇಡಿ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆದಾಗ ಅಪೊಸ್ತಲ ಪೌಲನು ಸೆರೆಯಲ್ಲಿದ್ದನೆಂದು ನಮ್ಮ ಚರ್ಚಿನ ಸಭಾಪಾಲಕರು ಹೇಳಿದರು. ಆಮೇಲೆ ಆ ಮಾತು ಬರಿಯ ಉಪದೇಶವೆನಿಸಲಿಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ, ನಿದ್ದೆ ಮಾತ್ರ ಬರುತ್ತಿದೆ. ಹರಿಹರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಕೇಳಿದ್ದೇನೆ. ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.