ಎಂ.ಎಸ್ಸಿ ಮೆಡಿಕಲ್ ಮೈಕ್ರೋಬಯಾಲಜಿ ಸೇರಬೇಕಾ ಬೇಡವಾ? ಓದಿದವರು ಹೇಳಿ

ಜಮಖಂಡಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ ಮುಗಿಯಿತು. ವಿಜಯಪುರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂ.ಎಸ್ಸಿ ಮೆಡಿಕಲ್ ಮೈಕ್ರೋಬಯಾಲಜಿ ಸೀಟು ಸಿಗುವ ಹಾಗಿದೆ, 3 ವರ್ಷ. ಅಪ್ಪಾಜಿ ಮಾತ್ರ 2 ವರ್ಷದ ಮಾಮೂಲಿ ಎಂ.ಎಸ್ಸಿ ಮಾಡಿ ಆಮೇಲೆ ಬಿ.ಎಡ್ ಮಾಡು ಅನ್ನುತ್ತಾರೆ. ನನಗೆ ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ವಿಷಯ) ಅಂದರೆ ಸ್ವಲ್ಪ ಭಯ ಬೇರೆ. ನಿಮ್ಮ ಅನುಭವ ಹೇಳಿ.

ಬೆಂಚಿನವ_ಬೆಳಗಾವಿ:
ತಂಗಿ, ಫೀಸು ಎಷ್ಟು ಅಂತ ಎಲ್ಲರೂ ಕೇಳಿಕೊಂಡೇ ಸೇರುತ್ತಾರೆ. ಥೀಸಿಸ್ ಖರ್ಚು ಮಾತ್ರ ಯಾರೂ ಹೇಳುವುದಿಲ್ಲ. ನಾನು ತಗೊಂಡಿದ್ದು ಇಎಸ್‌ಬಿಎಲ್ ವಿಷಯ, ಅಂದರೆ ಆಂಟಿಬಯಾಟಿಕ್ ಒಡೆದುಹಾಕುವ ಬ್ಯಾಕ್ಟೀರಿಯಾದ ಕಿಣ್ವ. ಬ್ಯಾಕ್ಟೀರಿಯಾ ಬೆಳೆಸುವ ಮ್ಯೂಲರ್ ಹಿಂಟನ್ ಅಗಾರ್ ಡಬ್ಬಿ ನನ್ನದೇ ದುಡ್ಡು. ಸೆಫೋಟಾಕ್ಸಿಮ್ ಆಂಟಿಬಯಾಟಿಕ್ ಡಿಸ್ಕು, ಅದರ ಜೊತೆ ಆ ಕಿಣ್ವ ತಡೆಯುವ ಕ್ಲಾವುಲನೇಟ್ ಸೇರಿದ ಡಿಸ್ಕು, ಪರೀಕ್ಷೆ ಸರಿ ಇದೆಯಾ ನೋಡುವ ಎಟಿಸಿಸಿ ಕಂಟ್ರೋಲ್ ತಳಿಗಳು, ಎಲ್ಲಾ ನಾನೇ ತರಿಸಿದ್ದು. ಮೂವತ್ತು ಸಾವಿರ ದಾಟಿತು. ಅಣ್ಣನ ಕಬ್ಬಿನ ಬಿಲ್ ಬಂದ ಮೇಲೇ ಸಪ್ಲೈಯರ್‌ಗೆ ಪೂರ್ತಿ ಕೊಟ್ಟಿದ್ದು. ಬೇಸಿಗೆಯಲ್ಲಿ ಒಂದು ಶನಿವಾರ ಕರೆಂಟ್ ಹೋಯಿತು, ಡಿಸ್ಕು ಇಟ್ಟ ಫ್ರಿಜ್ ಜನರೇಟರ್ ಲೈನಿನಲ್ಲಿ ಇರಲಿಲ್ಲ, ಸೋಮವಾರ ಬಂದು ನೋಡಿದರೆ ಒಳಗೆಲ್ಲಾ ನೀರು. ಡಿಸ್ಕು ಕೆಟ್ಟಿದೆಯಾ ಅಂತ ಕಂಟ್ರೋಲ್ ತಳಿ 700603 ಕ್ಲೆಬ್ಸಿಯೆಲ್ಲಾ ಹಾಕಿ ನೋಡಿದೆ. ಕ್ಲಾವುಲನೇಟ್ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಝೋನ್ ಕನಿಷ್ಠ 3 ಮಿ.ಮೀ. ಜಾಸ್ತಿ ಬರಬೇಕು, ಬರಲಿಲ್ಲ. ಪೂರ್ತಿ ಬ್ಯಾಚ್ ಬಿಸಾಕಿ ಮತ್ತೆ ಆರ್ಡರ್ ಮಾಡಿದೆ. ಡಿಪಾರ್ಟ್‌ಮೆಂಟಿನವರು ಒಂದು ರೂಪಾಯಿ ಕೊಡಲಿಲ್ಲ.

ಇಷ್ಟೆಲ್ಲಾ ಆಗಿ ಹೊರಗೆ ಬಂದರೆ 2020ರಲ್ಲಿ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮ ಬದಲಾಯಿತು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಎಂ.ಎಸ್ಸಿಯವರಿಗೆ ಮೆಡಿಕಲ್ ಕಾಲೇಜಿನ ಬೋಧಕ ಹುದ್ದೆಗಳಲ್ಲಿ 15 ಶೇಕಡಾ ಉಳಿಸಿದರು, ಮೈಕ್ರೋಬಯಾಲಜಿ ಮತ್ತು ಫಾರ್ಮಕಾಲಜಿಗೆ ಸೊನ್ನೆ. ಟ್ಯೂಟರ್ ಆಗುವ ಕನಸು ಅಲ್ಲಿಗೇ ಮುಗಿಯಿತು. ಈಗ ಪ್ರೈವೇಟ್ ಲ್ಯಾಬಿನಲ್ಲಿ ನೈಟ್ ಶಿಫ್ಟ್. ಕಲ್ಚರ್ ನಾನು ಓದುತ್ತೇನೆ, ಕೆಳಗೆ ಸಹಿ ಬೇರೆಯವರದು.

ಎಂಡಿ_ಮೈಕ್ರೋ_ಬಿಜಾಪುರ:
ಸಹಿಗೆ ಕಾರಣ ಇದೆ ಸರ್. ನಾನು ನೀಟ್ ಪಿಜಿಯಲ್ಲಿ ಮೈಕ್ರೋ ತಗೊಂಡಾಗ ನಮ್ಮ ಮಾವನವರು "ಪೇಷಂಟ್ ನೋಡದ ಡಾಕ್ಟರ್ ಎಂಥಾ ಡಾಕ್ಟರ್" ಅಂದಿದ್ದರು. ಇವತ್ತಿಗೂ ಮದುವೆ ಮನೆಗೆ ಹೋದರೆ ಅದೇ ಪ್ರಶ್ನೆ. ನನಗೆ ಈ ಬ್ರಾಂಚ್ ಬಗ್ಗೆ ಹೆಮ್ಮೆ ಇದೆ, ಯಾಕೆ ಅಂತ ಹೇಳುತ್ತೇನೆ. ಒಬ್ಬ ಕುರಿಗಾಹಿ, ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಸೊಂಟ ನೋವು. ಹೊರಗಿನ ಲ್ಯಾಬಿನಲ್ಲಿ ಬ್ರುಸೆಲ್ಲಾ (ಕುರಿ, ದನಗಳಿಂದ ಬರುವ ಬ್ಯಾಕ್ಟೀರಿಯಾ ಸೋಂಕು) ನೆಗೆಟಿವ್. ಕುರಿ ಕಾಯುವವನು ಅಂದಮೇಲೆ ನಾನು ಬಿಡಲಿಲ್ಲ, ಟ್ಯೂಬ್ ಅಗ್ಲುಟಿನೇಶನ್ (ಆಂಟಿಬಾಡಿ ಇದ್ದರೆ ಬ್ಯಾಕ್ಟೀರಿಯಾ ಹೆಣೆದು ಗುಂಪಾಗುವ ಪರೀಕ್ಷೆ) ಹಚ್ಚಿ, ಸೀರಮ್ ಇನ್ನೂ ತೆಳು ಮಾಡುತ್ತಾ ಡೈಲ್ಯೂಶನ್ ಮುಂದಕ್ಕೆ ಒಯ್ದೆ. ಮೊದಲ ಟ್ಯೂಬುಗಳ ತಳದಲ್ಲಿ ಬರೀ ಗುಂಡಿ, ಅಂದರೆ ನೆಗೆಟಿವ್. ಮುಂದಿನವುಗಳಲ್ಲಿ ಚಾಪೆ ಹಾಸಿದ ಹಾಗೆ ಅಗ್ಲುಟಿನೇಶನ್! ಇದಕ್ಕೇ ಪ್ರೋಝೋನ್ ಅನ್ನುವುದು. ಆಂಟಿಬಾಡಿ ವಿಪರೀತ ಜಾಸ್ತಿ ಇದ್ದರೆ ಒಂದೊಂದು ಬ್ಯಾಕ್ಟೀರಿಯಾಕ್ಕೂ ಬೇರೆ ಬೇರೆ ಆಂಟಿಬಾಡಿ ಕೂತುಬಿಡುತ್ತವೆ, ಒಂದಕ್ಕೊಂದು ಹೆಣೆದುಕೊಳ್ಳುವುದೇ ಇಲ್ಲ. ಇಮ್ಯುನಾಲಜಿ ಭಯ ಅನ್ನುವವರು ಇದನ್ನೊಂದು ಸಲ ಕಣ್ಣಾರೆ ನೋಡಬೇಕು. ಪೇಷಂಟ್ ಕಥೆ ಕೇಳದೆ ಬರೀ ಟ್ಯೂಬ್ ನೋಡುವವರಿಗೆ ಇದು ಹೊಳೆಯುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಲ್ಯಾಬ್ ರಿಪೋರ್ಟಿಗೆ ನೋಂದಾಯಿತ ವೈದ್ಯರ ಸಹಿ ಬೇಕು ಅಂತಲೇ ಹೇಳಿತು.

ಬೆಂಚಿನವ_ಬೆಳಗಾವಿ:
ಪೂರ್ತಿ ಹೇಳಿ ಸರ್. ಆ ಆದೇಶದಲ್ಲಿ ಇದ್ದದ್ದು ಪೆಥಾಲಜಿ ಪಿಜಿ ಮಾಡಿದ ವೈದ್ಯರ ಸಹಿ. ನಿಮ್ಮ ಎಂಡಿ ಮೈಕ್ರೋ ಹೆಸರು ಅದರಲ್ಲಿ ಎಲ್ಲಿದೆ? ಪ್ರೋಝೋನ್ ನಮಗೂ ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ನೆಗೆಟಿವ್ ಕೊಟ್ಟ ಆ ಲ್ಯಾಬಿನಲ್ಲಿ ಸಹಿ ಹಾಕಿದವರು ಡಾಕ್ಟರೇ ಇರಬೇಕಲ್ವಾ?

ಬಾಗಲಕೋಟೆ_ಅಕ್ಕ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಬ್ರುಸೆಲ್ಲಾ ಹೆಸರು ಬಂತು ಅಂತ ಹೇಳುತ್ತೇನೆ, ಅದು ನನಗೇ ಬಂದಿತ್ತು. ನಾನಿದ್ದ ಲ್ಯಾಬಿನಲ್ಲಿ ರೋಗಾಣು ಗಾಳಿಗೆ ಹರಡದಂತೆ ತಡೆಯುವ ಬಯೋಸೇಫ್ಟಿ ಕ್ಯಾಬಿನೆಟ್ ಹೆಸರಿಗೆ ಇತ್ತು, ಫಿಲ್ಟರ್ ಬದಲಿಸಿ ಯಾವ ಕಾಲವಾಗಿತ್ತೋ, ಎಲ್ಲಾ ಕೆಲಸ ತೆರೆದ ಬೆಂಚಿನ ಮೇಲೆ. ಬ್ಲಡ್ ಕಲ್ಚರ್ ಬಾಟಲಿಯ ಮೇಲೆ ಪೇಷಂಟ್ ಏನು ಕೆಲಸ ಮಾಡುತ್ತಾರೆ ಅಂತ ವಾರ್ಡಿನವರು ಬರೆದಿರಲಿಲ್ಲ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ 6 ವಾರ. ಮೂತ್ರ ಕೆಂಪಗೆ, ಹೊಟ್ಟೆ ಸುಡುತ್ತಿತ್ತು, ಮಂಡಿ ನೋವು ಆಮೇಲೂ ಎಷ್ಟೋ ತಿಂಗಳು. ಮಾತ್ರೆ, ರಕ್ತ ಪರೀಕ್ಷೆ, ಆಟೋ ಖರ್ಚು ಎಲ್ಲಾ ನನ್ನ ಕೈಯಿಂದ. ಸಂಬಳ ಹಿಡಿದರು, ಆ ಸಿಟ್ಟು ಇನ್ನೂ ಹೋಗಿಲ್ಲ. ಆದರೂ ನಾನು ಈ ಕೆಲಸ ಬಿಡಲಿಲ್ಲ, ಬಿಡುವುದೂ ಇಲ್ಲ.

ಬೆಳಗಾವಿ ಅಣ್ಣಾ, ನಿಯಮದ ಮಾತು ಅರ್ಧಕ್ಕೆ ಬಿಟ್ಟಿರಿ. 2025ರ ಫ್ಯಾಕಲ್ಟಿ ನಿಯಮದಲ್ಲಿ ಎಂ.ಎಸ್ಸಿ ಜೊತೆ ಪಿಎಚ್‌.ಡಿ ಮಾಡಿದವರಿಗೆ ಮೈಕ್ರೋಬಯಾಲಜಿ, ಫಾರ್ಮಕಾಲಜಿಯಲ್ಲಿ ಮತ್ತೆ ಅವಕಾಶ ಕೊಟ್ಟಿದ್ದಾರೆ. ಹುಡುಗಿಯನ್ನು ಸುಮ್ನೆ ಹೆದರಿಸಬೇಡಿ.

ಬೆಂಚಿನವ_ಬೆಳಗಾವಿ:
ಪಿಎಚ್‌.ಡಿ ಅಂದರೆ ಮತ್ತೆ ಎಷ್ಟು ವರ್ಷ? ಮನೆ ನಡೆಸುವವರು ಯಾರು? ಮಧ್ಯದಲ್ಲಿ ಐದು ವರ್ಷ ಹೋಯಿತು, ಅದನ್ನು ಯಾರೂ ವಾಪಸ್ ಕೊಡುವುದಿಲ್ಲ.

ಜಮಖಂಡಿ_ಹುಡುಗಿ:
ಅಕ್ಕಾ, ಸೀಟು ತಗೊಳ್ಳುವ ಮೊದಲು ಕಾಲೇಜಿಗೆ ಹೋಗಿ ಏನು ನೋಡಬೇಕು?

ಬಾಗಲಕೋಟೆ_ಅಕ್ಕ:
ಕ್ಯಾಬಿನೆಟ್ ಚಾಲೂ ಇದೆಯಾ, ಫ್ರಿಜ್‌ಗೆ ಜನರೇಟರ್ ಲೈನ್ ಇದೆಯಾ, ಥೀಸಿಸ್ ಸಾಮಾನು ಯಾರು ಕೊಡಿಸುತ್ತಾರೆ. ಸೀನಿಯರ್ಸ್‌ನ ಕೇಳು, ಆಫೀಸಿನವರನ್ನಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗಾರ್‌ಗೆ ಕುರಿ ರಕ್ತ ಹಾಕುತ್ತಾರಾ ಅಂತಲೂ ಕೇಳು. ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಚೀಲ ತಂದು ಸುರಿಯುವ ಕಡೆ ಏನೂ ಕಲಿಯುವುದಿಲ್ಲ.

ಎಂಡಿ_ಮೈಕ್ರೋ_ಬಿಜಾಪುರ:
ಮೇಡಂ, ಇದು ಜಾಸ್ತಿ ಆಯಿತು. ಜಿಲ್ಲಾ ಮಟ್ಟದ ಲ್ಯಾಬುಗಳಲ್ಲಿ ದಿನಾ ಕುರಿ ರಕ್ತ ಎಲ್ಲಿಂದ ತರಬೇಕು? ಬ್ಯಾಂಕಿನ ರಕ್ತ ಸ್ಕ್ರೀನ್ ಆಗಿರುತ್ತದೆ, ಕೈಗೆ ಸಿಗುತ್ತದೆ.

ಬಾಗಲಕೋಟೆ_ಅಕ್ಕ:
ಸಿಗುತ್ತದೆ ಅಂತ ಹಾಕುವುದಾ? ಮನುಷ್ಯರ ರಕ್ತದಲ್ಲಿ ಆಂಟಿಬಾಡಿ ಇರುತ್ತದೆ, ದಾನಿ ತಗೊಂಡ ಆಂಟಿಬಯಾಟಿಕ್ ಇರಬಹುದು, ಹೆಪ್ಪುಗಟ್ಟದಂತೆ ಹಾಕುವ ಸಿಟ್ರೇಟ್ ಅಂತೂ ಇದ್ದೇ ಇರುತ್ತದೆ. ಗಂಟಲು ಸೋಂಕಿನ ಬ್ಯಾಕ್ಟೀರಿಯಾ ಸ್ಟ್ರೆಪ್ ಪಯೋಜೆನಿಸ್‌ನ ಬೀಟಾ ಹೀಮೋಲಿಸಿಸ್ (ರಕ್ತಕಣ ಪೂರ್ತಿ ಒಡೆದು ಕಾಣುವ ತಿಳಿ ವಲಯ) ಸ್ಪಷ್ಟ ಕಾಣುವುದಿಲ್ಲ. ನಾವು ಬೆಳಿಗ್ಗೆ ಗಾಜಿನ ಮಣಿ ಹಾಕಿದ ಸ್ಟೆರೈಲ್ ಫ್ಲಾಸ್ಕಿನಲ್ಲಿ ಕುರಿ ರಕ್ತ ಹಿಡಿದು, ಹೆಪ್ಪುಗಟ್ಟಿಸುವ ಫೈಬ್ರಿನ್ ನಾರು ಮಣಿಗೆ ಸುತ್ತಿಕೊಳ್ಳುವವರೆಗೆ ಆಡಿಸುತ್ತಿದ್ದೆವು, ಮಣಿಗಟ್ಟು ನೋಯುತ್ತಿತ್ತು. ಅಗಾರ್ 45ರಿಂದ 50 ಡಿಗ್ರಿಗೆ ಇಳಿದ ಮೇಲೆ ರಕ್ತ ಸೇರಿಸುವುದು, ಬಿಸಿ ಇದ್ದಾಗ ಹಾಕಿದರೆ ಪೂರ್ತಿ ಕಂದು.

ಎಂಡಿ_ಮೈಕ್ರೋ_ಬಿಜಾಪುರ:
ಕುರಿ ರಕ್ತದಲ್ಲಿ ಹೀಮೋಫಿಲಸ್ ಬ್ಯಾಕ್ಟೀರಿಯಾ ಬೆಳೆಯುತ್ತದಾ? ಅದನ್ನೂ ಹೇಳಿ.

ಬಾಗಲಕೋಟೆ_ಅಕ್ಕ:
ಬೆಳೆಯುವುದಿಲ್ಲ, ಕುರಿ ರಕ್ತದ ಎನ್‌ಎಡಿಯೇಸ್ ಕಿಣ್ವ ಅದರ ಬೆಳವಣಿಗೆಗೆ ಬೇಕಾದ ವಿ ಫ್ಯಾಕ್ಟರ್ ಅನ್ನುವ ಪೋಷಕವನ್ನು ಹಾಳು ಮಾಡುತ್ತದೆ. ಅದಕ್ಕೇ ಚಾಕೊಲೇಟ್ ಅಗಾರ್ ಇರುವುದು. ಅದೇ ಕುರಿ ರಕ್ತ ಬಿಸಿ ಮಾಡಿ, ಎನ್‌ಎಡಿಯೇಸ್ ಸತ್ತು ವಿ ಫ್ಯಾಕ್ಟರ್ ಹೊರಗೆ ಬರುತ್ತದೆ, ಹೀಮೋಫಿಲಸ್ ಚೆನ್ನಾಗಿ ಬೆಳೆಯುತ್ತದೆ. ಎರಡೂ ಪ್ಲೇಟ್ ಇಡಬೇಕು ಸರ್, ಒಂದರ ಖರ್ಚು ಉಳಿಸುವುದಕ್ಕೆ ಇನ್ನೊಂದನ್ನು ಕೆಡಿಸಬಾರದು.