ಮೀನು ಸರಿ ಉಂಟು, ಸಿಗಡಿ ಮತ್ತು ಬಸವನಹುಳ ಸತ್ತವು, ಹವಳ ಮುಚ್ಚಿಕೊಂಡಿದೆ – ಮಳೆನೀರು ಬಳಸುತ್ತಿದ್ದೇನೆ (ಬದಿಯಡ್ಕ)

ತೋಟದಮನೆ_ಬದಿಯಡ್ಕ · ಜುಲೈ 6

ನಮಸ್ಕಾರ. ಮೂರು ವರ್ಷದಿಂದ ಸಾಕಿಕೊಂಡು ಬಂದ ಉಪ್ಪುನೀರಿನ ಟ್ಯಾಂಕ್ ಕಣ್ಣೆದುರೇ ಹಾಳಾಗುತ್ತಾ ಉಂಟು. ಗೊತ್ತಿದ್ದವರು ದಯವಿಟ್ಟು ಹೇಳಿ.

ನಾಲ್ಕಡಿ ಟ್ಯಾಂಕ್, ಕೆಳಗಿನ ಸಂಪ್ (ನೀರು ಸೋಸಿ ಮೇಲೆ ಹೋಗುವ ತೊಟ್ಟಿ) ಸೇರಿ 250 ಲೀಟರ್. ಕ್ಲೌನ್ ಮೀನು ಒಂದು ಜೋಡಿ, ಕ್ರೋಮಿಸ್ ಮೂರು, ಕ್ಲೀನರ್ ಸಿಗಡಿ ಒಂದು, ಹತ್ತು-ಹನ್ನೆರಡು ಬಸವನಹುಳ. ಹವಳದಲ್ಲಿ ಮೆದು ಜಾತಿಯವು ಮಾತ್ರ: ಝೊವಾಂತಿಡ್, ಮಶ್ರೂಮ್, ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ.

ಜೂನ್ 28ಕ್ಕೆ ಸಿಗಡಿ ಸತ್ತಿತು. ಮರುದಿನದಿಂದ ಬಸವನಹುಳಗಳು ಗಾಜಿನಿಂದ ಒಂದೊಂದೇ ಉದುರಿ ಮರಳಿನ ಮೇಲೆ ಮಗುಚಿ ಬಿದ್ದವು. ಈಗ ಉಳಿದದ್ದು ಎರಡು. ಝೀನಿಯಾ ಕರಗಿ ಹೋಯಿತು, ಝೊವಾಂತಿಡ್ ಒಂದು ವಾರದಿಂದ ಬಾಯಿ ಬಿಟ್ಟಿಲ್ಲ.

ಅಮೋನಿಯಾ 0, ನೈಟ್ರೇಟ್ 10, ಉಪ್ಪು 1.025, ಉಷ್ಣಾಂಶ 27, ಕ್ಷಾರತೆ 8.5. ಎಲ್ಲ ಸರಿ ಕಾಣುತ್ತದೆ.

ಖರ್ಚು ತಗ್ಗಿಸಲು ಮಾಡಿದ ಒಂದು ಬದಲಾವಣೆ ಹೇಳುತ್ತೇನೆ. ಟ್ಯಾಂಕಿಗೆ ನೀರು ಶುದ್ಧ ಮಾಡುವ ಆರ್‌ಓ ಯಂತ್ರದ ಮೆಂಬ್ರೇನ್ (ಸೋಸುವ ಪೊರೆ) ಹಳತಾಗಿತ್ತು. ಮಳೆಗಾಲದಲ್ಲಿ ಇಷ್ಟು ನೀರು ಆಕಾಶದಿಂದಲೇ ಬೀಳುವಾಗ ಹೊಸ ಮೆಂಬ್ರೇನ್ ಯಾಕೆ ಅಂತ ಮನೆಯ ಮಾಡಿನ (ಛಾವಣಿಯ) ನೀರು ಹರಿಯುವ ದಂಬೆಯಿಂದ 500 ಲೀಟರ್ ಡ್ರಮ್ಮಿಗೆ ಪೈಪ್ ಹಾಕಿದೆ. ಜೂನ್ 10ರಿಂದ ಆವಿಯಾದ ನೀರಿಗೆ ಬದಲಾಗಿ ಹಾಕುವುದೂ ಅದನ್ನೇ, ಉಪ್ಪು ಕಲಸುವುದೂ ಅದರಲ್ಲೇ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ 9 ತೋರಿಸುತ್ತದೆ, ನನ್ನ ಹಳೆಯ ಆರ್‌ಓಗಿಂತ ಒಳ್ಳೆಯದು. ಹಾಗಾಗಿ ನೀರಿನ ಮೇಲೆ ಸಂಶಯ ಬರಲಿಲ್ಲ.

ಉಪ್ಪಳ_ಅಲೆ · ಜುಲೈ 6

ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಸರಿ ತೋರಿಸುತ್ತದಾ ಅಂತ ಕೊನೆಗೆ ಯಾವಾಗ ನೋಡಿದ್ದು? ಜೂನ್‌ನಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಟ್ಯಾಂಕ್‌ನಿಂದ ಆವಿಯಾಗುವುದು ಕಡಿಮೆ. ಬೇಸಗೆಯ ಲೆಕ್ಕದಲ್ಲೇ ದಿನಾ ಸಿಹಿನೀರು ಹಾಕುತ್ತಾ ಹೋದರೆ ಉಪ್ಪು ಇಳಿಯುತ್ತದೆ. ನನಗೆ ಒಮ್ಮೆ ಹೀಗೇ ಆಗಿ 1.020ಕ್ಕೆ ಬಂದಿತ್ತು.

ತೋಟದಮನೆ_ಬದಿಯಡ್ಕ · ಜುಲೈ 6

ಫ್ಲೋಟ್ ವಾಲ್ವ್ ಉಂಟು, ಮಟ್ಟ ಇಳಿದಷ್ಟೇ ನೀರು ಹೋಗುತ್ತದೆ. ಈಗ ದಿನಕ್ಕೆ ಎರಡು ಲೀಟರ್ ಅಷ್ಟೆ. ರಿಫ್ರಾಕ್ಟೋಮೀಟರನ್ನು ಸಾವಿರಕ್ಕೆ 35 ಉಪ್ಪಿರುವ ದ್ರಾವಣದಲ್ಲಿ ಇವತ್ತೇ ನೋಡಿದೆ, ಸರಿ ಉಂಟು.

ಕುಂಬಳೆ_ಕಡಲು · ಜುಲೈ 7

ಒಳಗಿನ ಕಲ್ಲು ಯಾವುದು? ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಏನಾದರೂ ಹಾಕಿದ್ದೀರಾ? ಧರ್ಮಕ್ಕೆ ಸಿಗುತ್ತದೆ, ತೂತು ತೂತಾಗಿ ಚಂದ ಕಾಣುತ್ತದೆ ಅಂತ ನಮ್ಮ ಕಡೆ ಹಾಕುವವರಿದ್ದಾರೆ. ಅದರಲ್ಲಿ ಕಬ್ಬಿಣವೇ ತುಂಬಿರುತ್ತದೆ, ಹವಳದ ಟ್ಯಾಂಕಿಗೆ ಬೇಡ.

ಆದರೆ ನೀವು ಹೇಳಿದ ಸಾವಿನ ಕ್ರಮ ನೋಡಿದರೆ ಕಬ್ಬಿಣ ಅನಿಸುವುದಿಲ್ಲ. ಮೀನು ತಿಂದುಕೊಂಡು ಆರಾಮ, ಬೆನ್ನೆಲುಬಿಲ್ಲದವು ಮಾತ್ರ ಸಾಯುತ್ತಿವೆ. ಹೀಗಾದಾಗ ನನಗೆ ಮೊದಲು ನೆನಪಾಗುವುದು ತಾಮ್ರ. ಡ್ರಮ್ಮಿಗೆ ಹಿತ್ತಾಳೆ ನಳ್ಳಿ ಉಂಟಾ? ಪಂಪಿನ ಬಳಿ ತಂತಿ ಎಲ್ಲಾದರೂ ತೆರೆದುಕೊಂಡಿದೆಯಾ?

ತೋಟದಮನೆ_ಬದಿಯಡ್ಕ · ಜುಲೈ 7

ಮುರಕಲ್ಲು ಹಾಕಿಲ್ಲ. ಬಿಳಿ ಸಿಮೆಂಟ್, ಚಿಪ್ಪಿನ ಹುಡಿ, ಕಲ್ಲುಪ್ಪು ಸೇರಿಸಿ ನಾನೇ ಎರಕ ಹೊಯ್ದ ಕಲ್ಲು. ಎರಡು ತಿಂಗಳು ನೀರು ಬದಲಾಯಿಸುತ್ತಾ ನೆನೆಹಾಕಿ, ಪಿಎಚ್ ಇಳಿದ ಮೇಲೆ ಒಳಗಿಟ್ಟದ್ದು. ಮೂರು ವರ್ಷ ಆಯ್ತು. ನಳ್ಳಿ ಪ್ಲಾಸ್ಟಿಕ್. ಪಂಪ್‌ಗಳನ್ನೆಲ್ಲ ತೆಗೆದು ನೋಡಿದೆ, ತಂತಿ ಎಲ್ಲೂ ಹರಿದಿಲ್ಲ.

ಅಡಕೆ_ಮತ್ತು_ಹವಳ · ಜುಲೈ 7, ರಾತ್ರಿ

ನಾನು ಪೆರ್ಲದ ಕಡೆಯವ, ತೋಟವೂ ಉಂಟು, ಟ್ಯಾಂಕೂ ಉಂಟು. ಒಂದೇ ಪ್ರಶ್ನೆ: ಮನೆ ಅಡಕೆ ತೋಟದ ನಡುವೆಯಾ? ಈ ಸಲ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟದ್ದು ಯಾವಾಗ?

ಹೌದಾದರೆ ಈ ಲೆಕ್ಕ ನೋಡಿ. 1 ಶೇಕಡಾ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ಒಂದು ಲೀಟರ್ ಮದ್ದಿನಲ್ಲಿ ಎರಡೂವರೆ ಗ್ರಾಂ ಆಯಿತು. ಗಾಳಿಗೆ ಹಾರಿ ನಿಮ್ಮ ಮಾಡಿನ ಮೇಲೆ ಬಿದ್ದದ್ದು ಬರೀ ಅರ್ಧ ಲೋಟ, 100 ಮಿಲಿ ಅಂತ ಇಟ್ಟುಕೊಳ್ಳಿ. ಅದರಲ್ಲೇ 250 ಮಿಲಿಗ್ರಾಂ ತಾಮ್ರ. ಅಷ್ಟೂ 500 ಲೀಟರ್ ಡ್ರಮ್ಮಿಗೆ ಇಳಿದರೆ ಲೀಟರಿಗೆ ಅರ್ಧ ಮಿಲಿಗ್ರಾಂ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿ ತಾಮ್ರದ ಔಷಧಿ ಹಾಕುವಾಗ ಇಡುವ ಮಟ್ಟವೇ 0.15ರಿಂದ 0.25. ಅದನ್ನು ಮೀನು ತಡೆದುಕೊಳ್ಳುತ್ತದೆ. ಸಿಗಡಿ, ಬಸವನಹುಳ, ಹವಳಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಟಿಡಿಎಸ್ ಮೀಟರನ್ನು ಇಲ್ಲಿ ನಂಬಬೇಡಿ. ಅರ್ಧ ಮಿಲಿಗ್ರಾಂ ತಾಮ್ರ ಆ ಅಂಕೆಯನ್ನು ಒಂದೆರಡು ಏರಿಸಿದರೆ ಹೆಚ್ಚು. ಎಷ್ಟು ಕರಗಿದೆ ಅಂತ ಅದು ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ.

ಇನ್ನೊಂದು ಸಂಗತಿ. ಟ್ಯಾಂಕ್‌ನಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ನೀವು ದಿನಾ ಹಾಕಿದ ಎರಡು ಲೀಟರ್ ಮಾಡಿನ ನೀರಿನ ತಾಮ್ರ ಅಷ್ಟೂ ಒಳಗೇ ಉಳಿಯುತ್ತದೆ, ಮರುದಿನ ಇನ್ನಷ್ಟು ಸೇರುತ್ತದೆ. ಹದಿನೆಂಟು ದಿನ ಏನೂ ಆಗದೆ ಆಮೇಲೆ ಒಮ್ಮೆಲೇ ಎಲ್ಲ ಬೀಳುವುದಕ್ಕೆ ಇದು ಸರಿಹೊಂದುತ್ತದೆ.

ತೋಟದಮನೆ_ಬದಿಯಡ್ಕ · ಜುಲೈ 8

ಓದಿ ಕೈಕಾಲು ತಣ್ಣಗಾಯಿತು. ಮನೆಯ ಮೂರು ಬದಿಯೂ ತೋಟ. ಮದ್ದು ಬಿಟ್ಟದ್ದು ಜೂನ್ 7 ಮತ್ತು 8ಕ್ಕೆ, ಮಳೆ ಸ್ವಲ್ಪ ಹೊಳವಾದಾಗ. ಮರ ಹತ್ತುವವರು ಸಿಗಲಿಲ್ಲ, ಈ ಸಲ ನೆಲದಿಂದಲೇ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಬಿಟ್ಟದ್ದು. ಗಾಳಿ ಮನೆ ಕಡೆಗೇ ಇತ್ತು, ಜಗಲಿಯ ಕಂಬದ ಮೇಲೂ ನೀಲಿ ಚುಕ್ಕೆ ಬಿದ್ದಿತ್ತು. ಅದನ್ನು ಒರೆಸಿದವ ನಾನೇ. ಎರಡು ದಿನ ಬಿಟ್ಟು ಅದೇ ಮಾಡಿನ ನೀರು ಹಿಡಿದೆ.

ಇವತ್ತು ಕಾಸರಗೋಡಿಗೆ ಹೋಗಿ ತಾಮ್ರದ ಟೆಸ್ಟ್ ಕಿಟ್ ತಂದೆ. ಡ್ರಮ್ಮಿನ ನೀರು: ಲೀಟರಿಗೆ 0.4 ಮಿಲಿಗ್ರಾಂ. ಟ್ಯಾಂಕ್: ಸೊನ್ನೆಗಿಂತ ಒಂದಿಷ್ಟು ಮೇಲೆ, 0.05 ಇರಬಹುದು. ಡ್ರಮ್ಮಿನ ತಳದಲ್ಲಿ ತಿಳಿ ನೀಲಿ-ಹಸಿರು ಗಸಿ.

ಈ ನೀರಿನಲ್ಲಿ ಉಪ್ಪು ಕಲಸಿ 25 ಲೀಟರಿನಂತೆ ಎರಡು ಸಲ ಬದಲಾಯಿಸಿದ್ದೂ ಉಂಟು. ಹುಳ, ಹವಳ ಸೊರಗಿದ್ದು ನೋಡಿ ಸಹಾಯ ಆಗಲಿ ಅಂತ ಮಾಡಿದ್ದು.

ಅಡಕೆ_ಮತ್ತು_ಹವಳ · ಜುಲೈ 8

ಹಾಗಾದರೆ ದಿನಕ್ಕೆ ಎರಡರಂತೆ 28 ದಿನದ 56 ಲೀಟರ್, ಬದಲಾಯಿಸಿದ 50 ಲೀಟರ್ ಸೇರಿ ಒಳಗೆ ಹೋದ ತಾಮ್ರ ಹತ್ತಿರ ಹತ್ತಿರ 40 ಮಿಲಿಗ್ರಾಂ. 250 ಲೀಟರಿಗೆ ಹಂಚಿದರೆ 0.16 ತೋರಿಸಬೇಕಿತ್ತು, ತೋರಿಸಿದ್ದು 0.05. ಉಳಿದದ್ದು ಎಲ್ಲೂ ಹೋಗಿಲ್ಲ, ಕಲ್ಲು ಮತ್ತು ಮರಳು ಹಿಡಿದುಕೊಂಡಿವೆ. ನೀರು ಶುದ್ಧವಾದ ಹಾಗೆ ಅವು ಮೆಲ್ಲ ಬಿಟ್ಟುಕೊಡುತ್ತವೆ. ಒಂದು ಸಲ ನೀರು ಬದಲಾಯಿಸಿ, ಕಿಟ್ ಸೊನ್ನೆ ತೋರಿಸಿತು ಅಂತ ಹೊಸ ಸಿಗಡಿ ತರಬೇಡಿ.

ಈಗಲೇ ಮಾಡಬೇಕಾದ್ದು: ಫ್ಲೋಟ್ ವಾಲ್ವಿನ ಪೈಪ್ ಕಳಚಿ. ಉಳಿದ ಎರಡು ಬಸವನಹುಳ, ಬಿಡಿಸಲು ಬರುವ ಹವಳದ ತುಂಡುಗಳನ್ನು ಒಂದು 40 ಲೀಟರ್ ಟಬ್ಬಿಗೆ ಹಾಕಿ. ಅದಕ್ಕೆ ಒಳ್ಳೆಯ ನೀರು, ಒಂದು ಸಣ್ಣ ಪಂಪ್, ಒಂದು ದೀಪ ಸಾಕು. ಟ್ಯಾಂಕಿನ ಕಲ್ಲು ಇದಕ್ಕೆ ಹಾಕಬೇಡಿ.

ಟ್ಯಾಂಕಿಗೆ ಕ್ಯುಪ್ರಿಸಾರ್ಬ್ (ತಾಮ್ರ ಹೀರುವ ರೆಸಿನ್) ತರಿಸಿ, ಚೀಲದಲ್ಲಿ ಹಾಕಿ ನೀರು ಅದರ ಮೂಲಕವೇ ಹೋಗುವ ಹಾಗೆ ಸಂಪ್‌ನಲ್ಲಿಡಿ. ತಾಮ್ರ ಹೀರಿದ ಹಾಗೆ ಬಣ್ಣ ಕಪ್ಪಾಗುತ್ತಾ ಬರುತ್ತದೆ. ಇದ್ದಿಲು ಜೊತೆಗಿರಲಿ, ಆದರೆ ಇದ್ದಿಲೊಂದನ್ನೇ ನಂಬಬೇಡಿ. ನಾಲ್ಕೈದು ದಿನಕ್ಕೊಮ್ಮೆ 50 ಲೀಟರ್ ನೀರು ಬದಲಾಯಿಸಿ. ಮೀನು ಅಲ್ಲೇ ಇರಲಿ, ಅವಕ್ಕೆ ಈ ಮಟ್ಟ ತೊಂದರೆಯಿಲ್ಲ.

ಒಳ್ಳೆಯ ನೀರಿಗೆ ಸದ್ಯಕ್ಕೆ ಯಾರದ್ದಾದರೂ ಆರ್‌ಓ ನೀರು ಕ್ಯಾನಿನಲ್ಲಿ ತನ್ನಿ. ನನ್ನಲ್ಲಿಗೆ ಬಂದರೂ ಆದೀತು.

ಸಮುದ್ರಪ್ರಿಯ · ಜುಲೈ 9

ಇಷ್ಟೆಲ್ಲ ತಲೆಬಿಸಿ ಯಾಕೆ? ಕಡಲು ಅಷ್ಟು ಹತ್ತಿರ ಉಂಟು. ನೀರು, ಕಲ್ಲು, ಹವಳ ಎಲ್ಲ ಅಲ್ಲಿಂದಲೇ ತಂದರೆ ಒಂದು ರೂಪಾಯಿ ಖರ್ಚಿಲ್ಲ.

ಕುಂಬಳೆ_ಕಡಲು · ಜುಲೈ 9

ಹವಳ ಮತ್ತು ಹವಳದ ಕಲ್ಲಿನ ವಿಷಯ ಮೊದಲು ಹೇಳುತ್ತೇನೆ. 2001ರಿಂದ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಕಾನೂನು ಬದಿಗಿಟ್ಟರೂ, ಹವಳದ ಮೇಲೆ ಪ್ರೀತಿ ಇದ್ದವರು ಮಾಡುವ ಕೆಲಸ ಅಲ್ಲ. ಮೆದು ಹವಳ ಬೇಕಾದರೆ ಸಾಕಿದವರಲ್ಲಿ ಕೇಳಿ. ಝೊವಾಂತಿಡ್, ಸ್ಟಾರ್ ಪಾಲಿಪ್ ಎಲ್ಲ ಹುಲ್ಲಿನ ಹಾಗೆ ಹಬ್ಬುತ್ತವೆ, ನಾವು ಕತ್ತರಿಸಿ ಕೊಡುತ್ತೇವೆ.

ನೀರಿನ ಮಾತು ಬೇರೆ. ನಾನು ನಾಲ್ಕು ವರ್ಷದಿಂದ ಕಡಲ ನೀರನ್ನೇ ಬಳಸುತ್ತಿದ್ದೇನೆ, ಅತಿ ಹೆಚ್ಚು ಉಳಿತಾಯ ಆದದ್ದೂ ಅದರಲ್ಲೇ. ಆದರೆ ಡಿಸೆಂಬರಿನಿಂದ ಮೇ ನಡುವಿನವರೆಗೆ ಮಾತ್ರ. ಈಗ ಹೋಗಿ ನೋಡಿ, ಶಿರಿಯಾ ಹೊಳೆ, ಚಂದ್ರಗಿರಿ ಹೊಳೆ ಬಂದು ಸೇರುವಲ್ಲಿ ಕಡಲು ಕೆಂಪಾಗಿದೆ. ಉಪ್ಪೂ ಕಡಿಮೆ, ತೋಟದ ಮದ್ದು-ಗೊಬ್ಬರವೂ ಅದರಲ್ಲೇ. ಬೇಸಗೆಯಲ್ಲಿ ಅಳಿವೆಯಿಂದ, ದೋಣಿ ನಿಲ್ಲುವಲ್ಲಿಂದ ದೂರ ಹೋಗಿ, ಕಡಲು ಏರುವ ಹೊತ್ತಿಗೆ ಹಿಡಿಯಬೇಕು. ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು-ಮೂರು ವಾರ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ತೆಗೆದು, ಒಂದು ದಿನ ಗಾಳಿ ಬಿಟ್ಟು ಬಳಸುತ್ತೇನೆ. ಉಪ್ಪಿನ ಚೀಲ ತರುವುದು ಮಳೆಗಾಲಕ್ಕೆ ಮಾತ್ರ.

ಉಪ್ಪಳ_ಅಲೆ · ಜುಲೈ 9

ಕರೆಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ಉಳಿಸುವ ಮಾತು ಬಂತಲ್ಲ. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ ಬೀಳುತ್ತದೆ. ಟ್ಯಾಂಕಿನ ನೀರು ತಣಿಸುವ ನನ್ನ ಚಿಲ್ಲರ್ 300 ವಾಟಿನದು, ಏಪ್ರಿಲ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 90 ಯೂನಿಟ್. ಗೆರೆ ದಾಟಿಸುತ್ತಿದ್ದದ್ದು ಅದೇ. ಈಗ ದೀಪ ಉರಿಸುವುದು ಸಂಜೆ 5ರಿಂದ ರಾತ್ರಿ 12ರವರೆಗೆ. ಮಧ್ಯಾಹ್ನದ ಸೆಕೆಯ ಮೇಲೆ ದೀಪದ ಬಿಸಿಯೂ ಸೇರುವುದು ತಪ್ಪಿತು. ನೀರಿನ ಮೇಲೆ ಎರಡು ಸಣ್ಣ ಫ್ಯಾನ್. ನಮ್ಮ ಕರಾವಳಿಯ ತೇವದಲ್ಲಿ ಫ್ಯಾನ್ ಎರಡು ಡಿಗ್ರಿ ಇಳಿಸಿದರೆ ದೊಡ್ಡದು, ಆದರೆ ಆ ಎರಡು ಡಿಗ್ರಿಯಲ್ಲೇ ಚಿಲ್ಲರ್ ಓಡುವುದು ಅರ್ಧಕ್ಕೆ ಇಳಿಯಿತು.

ತೋಟದಮನೆ_ಬದಿಯಡ್ಕ · ಜುಲೈ 12

ಪೆರ್ಲದಿಂದ 100 ಲೀಟರ್ ನೀರು ತಂದೆ, ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹೊಸ ಮೆಂಬ್ರೇನ್, ಅದು ಬಿಟ್ಟದ್ದನ್ನು ಹಿಡಿಯುವ ಡಿಐ ರೆಸಿನ್ ಎರಡನ್ನೂ ತರಿಸುತ್ತಿದ್ದೇನೆ. ಒಂದು ಚಿಂತೆ ಉಂಟು: ನಮ್ಮ ಬಾವಿ ನೀರಿನಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಹಿಂದೆಯೂ ಎರಡು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದೆ. ಆರ್‌ಓ ಬಿಟ್ಟು ಮಳೆನೀರಿಗೆ ಹೋದದ್ದು ಮುಖ್ಯವಾಗಿ ಅದಕ್ಕೇ.

ಅಡಕೆ_ಮತ್ತು_ಹವಳ · ಜುಲೈ 12

ಅದಕ್ಕೆ ಖರ್ಚಿಲ್ಲದ ದಾರಿ ಉಂಟು. ಮುರಕಲ್ಲಿನ ಬಾವಿಯ ನೀರು ಹುಳಿ, ಅದರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬ ಕರಗಿರುತ್ತದೆ. ಉಪ್ಪನ್ನು ತಡೆಯುವ ಮೆಂಬ್ರೇನ್ ಈ ಅನಿಲವನ್ನು ತಡೆಯುವುದಿಲ್ಲ. ಅದು ನೇರ ಹೋಗಿ ರೆಸಿನ್ನನ್ನು ತಿನ್ನುತ್ತದೆ.

ಬಾವಿ ನೀರನ್ನು ಮೊದಲು ಒಂದು ಡ್ರಮ್ಮಿಗೆ ತುಂಬಿಸಿ, ಏರ್‌ಸ್ಟೋನ್ ಹಾಕಿ ಒಂದು ದಿನ ಗುಳುಗುಳು ಅನ್ನಲಿ. ಅನಿಲ ಹಾರಿಹೋಗುತ್ತದೆ. ಕಬ್ಬಿಣ ಇದ್ದರೆ ಅದೂ ಕೆಂಪು ಗಸಿಯಾಗಿ ತಳಕ್ಕಿಳಿಯುತ್ತದೆ, ಸೆಡಿಮೆಂಟ್ ಫಿಲ್ಟರ್ ಬೇಗ ಕಟ್ಟುವುದಿಲ್ಲ. ಮೇಲಿನ ತಿಳಿನೀರನ್ನು ಬೂಸ್ಟರ್ ಪಂಪಿನಿಂದ ಆರ್‌ಓಗೆ ಕೊಡಿ. ನನ್ನಲ್ಲಿ ಎರಡು ತಿಂಗಳು ಬರುತ್ತಿದ್ದ ರೆಸಿನ್ ಈಗ ಏಳು ತಿಂಗಳಾದರೂ ಮುಗಿದಿಲ್ಲ. ಹೊರಗೆ ಹೋಗುವ ನೀರು ಬಸಳೆ ಚಪ್ಪರಕ್ಕೆ.

ನಿಮ್ಮ ಡ್ರಮ್ಮನ್ನು ಇದಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ನನಗೆ ಧೈರ್ಯ ಬರುವುದಿಲ್ಲ. ಅದು ತೋಟಕ್ಕೇ ಇರಲಿ.

ತೋಟದಮನೆ_ಬದಿಯಡ್ಕ · ಆಗಸ್ಟ್ 17

ತಡವಾಗಿ ಬರೆಯುತ್ತಿದ್ದೇನೆ, ಗಟ್ಟಿಯಾಗಿ ಹೇಳಲು ಏನಾದರೂ ಸಿಗಲಿ ಅಂತ ಕಾದೆ.

ಮೊದಲ ಚೀಲ ಕ್ಯುಪ್ರಿಸಾರ್ಬ್ ಹತ್ತು ದಿನದಲ್ಲಿ ಕಡುಕಪ್ಪಾಯಿತು. ಎರಡನೆಯದಕ್ಕೆ ಮೂರು ವಾರ ಬೇಕಾಯಿತು. ಕಿಟ್ ಜುಲೈ 20ಕ್ಕೇ ಸೊನ್ನೆ ತೋರಿಸಿತ್ತು, ಆದರೂ ಎರಡನೆಯ ಚೀಲ ಮತ್ತೆ ಬಣ್ಣ ತಿರುಗಿತು. ಕಲ್ಲು ಬಿಟ್ಟುಕೊಡುತ್ತದೆ ಅಂತ ನೀವು ಹೇಳಿದ್ದು ಇದನ್ನೇ. ಈಗಿನ ಮೂರನೆಯದು ಎಂಟು ದಿನದಿಂದ ಹಾಗೇ ತಿಳಿಯಾಗಿ ಉಂಟು.

ಟಬ್ಬಿನಲ್ಲಿದ್ದ ಎರಡು ಬಸವನಹುಳದಲ್ಲಿ ಒಂದು ಬದುಕಿತು. ಆಗಸ್ಟ್ 5ಕ್ಕೆ ಅದನ್ನು ಟ್ಯಾಂಕಿಗೆ ಬಿಟ್ಟೆ. ಇವತ್ತಿಗೆ ಹನ್ನೆರಡು ದಿನ, ಗಾಜಿನ ಮೇಲಿನ ಪಾಚಿಯಲ್ಲಿ ಅದು ಹೋದ ದಾರಿ ಕಾಣುತ್ತದೆ. ಝೊವಾಂತಿಡ್ ಮುಕ್ಕಾಲು ಪಾಲು ಅರಳಿವೆ, ಮಶ್ರೂಮ್‌ಗಳೂ ಹಿಗ್ಗಿವೆ. ಝೀನಿಯಾ ಪೂರ್ತಿ ಹೋಯಿತು, ಸ್ಟಾರ್ ಪಾಲಿಪ್ ಅಂಗೈಯಷ್ಟು ಇದ್ದದ್ದು ಬೆರಳಿನ ಉಗುರಿನಷ್ಟು ಉಳಿದಿದೆ.

ಜುಲೈ 22ಕ್ಕೆ ಎರಡನೆಯ ಸಲ ಮದ್ದು ಬಿಡಿಸಿದೆವು. ಆ ದಿನ ಟ್ಯಾಂಕಿನ ಕೋಣೆಯ ಕಿಟಕಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹೊದೆಸಿ, ಮದ್ದು ಕಲಸಿದವರು ಯಾರೂ ಟ್ಯಾಂಕಿಗೆ ಕೈ ಹಾಕದ ಹಾಗೆ ನೋಡಿಕೊಂಡೆ. ದಂಬೆಯ ಪೈಪ್ ಈಗ ಅಡಕೆ ಬುಡಕ್ಕೆ ಹೋಗುತ್ತದೆ.

ಕುಂಬಳೆಯವರೇ, ಸ್ಟಾರ್ ಪಾಲಿಪ್ ತುಂಡಿಗೆ ಸೆಪ್ಟೆಂಬರ್ ಕೊನೆಗೆ ಬರುತ್ತೇನೆ, ಅಷ್ಟರವರೆಗೂ ಚೀಲ ತಿಳಿಯಾಗಿದ್ದರೆ. ಡಬ್ಬ, ಥರ್ಮೋಕೋಲ್ ಪೆಟ್ಟಿಗೆ ನಾನೇ ತರುತ್ತೇನೆ. ಡಿಸೆಂಬರಿಗೆ ಕಡಲ ನೀರು ಹಿಡಿಯಲು ಹೋಗುವಾಗ ನನ್ನನ್ನೂ ಕರೆಯಿರಿ, ಎರಡು ಹೊಸ ಡ್ರಮ್ ತೆಗೆದಿಟ್ಟಿದ್ದೇನೆ.