ಅರ್ಜಿಗೆ ಸಹಿ ಹಾಕುವ ಮುಂಚೆ ಇದನ್ನು ಕೇಳಿ ಚಿಕ್ಕಪ್ಪ

ಚಿಕ್ಕಪ್ಪ, ನೀವು ಗ್ರೂಪಿಗೆ ಹಾಕಿದ ಸಿಸಿ ಕ್ಯಾಮೆರಾ ವೀಡಿಯೊ ನೋಡಿದೆ. ಕಾಂಪೌಂಡ್ ಪಕ್ಕದಲ್ಲೇ ಚಿರತೆ ಓಡಾಡಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾಗ. ಆದರೆ ಬೋನು ಇಟ್ಟು ಹಿಡಿದು ದೂರದ ಕಾಡಿಗೆ ಬಿಡಿ, ಹಿಂದಿನ ಹಳ್ಳದ ಪೊದೆ ಎಲ್ಲ ತೆಗೆದು ಪಾರ್ಕ್ ಮಾಡಿ ಅಂತ ಬಡಾವಣೆಯವರು ಅರ್ಜಿ ಬರೆದಿದ್ದಾರಲ್ಲ, ಅದಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಹಿಡಿದು ಬೇರೆ ಕಡೆ ಬಿಟ್ಟರೆ ತೊಂದರೆ ಇನ್ನೂ ಜಾಸ್ತಿ ಆಗುತ್ತದೆ. ಮಹಾರಾಷ್ಟ್ರದ ಜುನ್ನರ್ ಕಡೆ ಇದನ್ನೇ ಮಾಡಿದರು. ಅಲ್ಲಿ ಮೊದಲು ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿದ್ದವು, ಹಿಡಿದು ಬಿಡುವ ಕೆಲಸ ಜೋರಾದ 2001ರಿಂದ 2003ರ ನಡುವೆ ಅದು 17ಕ್ಕೆ ಏರಿತು. ಚಿರತೆಗಳನ್ನು ಅಧ್ಯಯನ ಮಾಡುವ ವನ್ಯಜೀವಿ ತಜ್ಞೆ ವಿದ್ಯಾ ಆತ್ರೇಯ ಮತ್ತು ಜೊತೆಯವರು ಇದನ್ನು ಲೆಕ್ಕ ಹಾಕಿ ಬರೆದಿದ್ದಾರೆ. ಪರಿಚಯವಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಯಾಗಿ ದಿಕ್ಕು ಹುಡುಕುತ್ತದೆ, ದಾರಿ ತುಂಬ ಊರುಗಳು. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಮಹಾರಾಷ್ಟ್ರದಲ್ಲೇ 2009ರಲ್ಲಿ ಬಾವಿಗೆ ಬಿದ್ದಿದ್ದ ಒಂದು ಗಂಡು ಚಿರತೆಗೆ, ಎಲ್ಲಿ ಓಡಾಡುತ್ತದೆ ಅಂತ ತಿಳಿಯಲು ಕುತ್ತಿಗೆಗೆ ರೇಡಿಯೊ ಕಾಲರ್ ಹಾಕಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರೆ, ಅದು ನೂರು ಕಿಲೋಮೀಟರಿಗೂ ಜಾಸ್ತಿ ನಡೆದು, ಹೆದ್ದಾರಿ ದಾಟಿ, ಮುಂಬೈ ಹತ್ತಿರ ಬಂತು. ಅಷ್ಟು ದೂರದಲ್ಲಿ ಒಬ್ಬರ ಮೇಲೂ ಬೀಳಲಿಲ್ಲ.

ನಿಮ್ಮ ಕಡೆ ಚಿರತೆ ಯಾಕೆ ಬಂತು ಅಂತ ನಿಮ್ಮ ವೀಡಿಯೊದಲ್ಲೇ ಇದೆ. ಎಡಗಡೆ ಮೂಲೆ ನೋಡಿ. ಕಸದ ರಾಶಿ ಮೇಲೆ ಎರಡು ನಾಯಿ ಕವರ್ ಎಳೆದಾಡುತ್ತಿವೆ, ಒಂದು ಇದ್ದಕ್ಕಿದ್ದಂತೆ ಕಿವಿ ನಿಮಿರಿಸಿ ನಿಲ್ಲುತ್ತದೆ, ಎರಡೂ ಓಟ ಕೀಳುತ್ತವೆ. ಆಮೇಲೆ ಚಿರತೆ ಬರುತ್ತದೆ, ಅವು ಓಡಿದ ದಿಕ್ಕಿಗೇ ಹೋಗುತ್ತದೆ, ಮನೆಗಳ ಕಡೆ ತಿರುಗಿಯೂ ನೋಡುವುದಿಲ್ಲ. ಮುಂಬೈನ ಸಂಜಯ್ ಗಾಂಧಿ ಉದ್ಯಾನದ ಸುತ್ತಲೂ ಹೀಗೇ, ಅಲ್ಲಿನ ಚಿರತೆಗಳ ಆಹಾರದಲ್ಲಿ ಬೀದಿ ನಾಯಿಗಳ ಪಾಲು ದೊಡ್ಡದು. ಕಸ ಇದ್ದರೆ ನಾಯಿ, ನಾಯಿ ಇದ್ದರೆ ಚಿರತೆ. ಬೋನು ಕೇಳುವ ಬದಲು ಕಸ ಕತ್ತಲಾಗುವ ಮುಂಚೆ ಎತ್ತಿಸಿ ಅಂತ ಕೇಳಬಹುದಲ್ವಾ?

ಇನ್ನು ಹಳ್ಳದ ವಿಷಯ. ದೊಡ್ಡಮ್ಮ ಹೇಳಿದ್ದು ಸರಿ, ಗೇಟಿನ ಹತ್ತಿರ, ಮಕ್ಕಳು ಓಡಾಡುವ ದಾರಿಯಲ್ಲಿ ಪೊದೆ ಬೇಡ, ಅಲ್ಲಿ ಕಡಿಸಿ, ಲೈಟ್ ಹಾಕಿಸಿ. ಆದರೆ ಹಳ್ಳದ ಉದ್ದಕ್ಕೂ ಬೋಳು ಮಾಡಿದರೆ ಮುಂಗುಸಿ, ಮುಳ್ಳುಹಂದಿ, ಹಕ್ಕಿಗಳಿಗೆಲ್ಲ ಇರುವ ಒಂದೇ ಮರೆಯೂ ಹೋಗುತ್ತದೆ, ಚಿರತೆಯೂ ಆಗ ನಿಮ್ಮ ರಸ್ತೆಯಲ್ಲೇ ನಡೆಯಬೇಕಾಗುತ್ತದೆ. ಅಲ್ಲಿ ಬೆಳೆದಿರುವ ಲಂಟಾನ ಅನ್ನುವ ಕಳೆ ಪೊದೆಯನ್ನು ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವೇ ಬೇರು ಸಮೇತ ಕಿತ್ತು, ಆ ಜಾಗದಲ್ಲಿ ಹೊಂಗೆ, ನೇರಳೆ, ಅತ್ತಿ ಹಾಕೋಣ. ಹಳ್ಳಕ್ಕೆ ಕಾಂಕ್ರೀಟ್ ಮಾತ್ರ ಬೇಡವೇ ಬೇಡ. ಸಿಂಗಾಪುರದ ಬಿಷಾನ್ ಪಾರ್ಕ್‌ನಲ್ಲಿ 2.7 ಕಿಲೋಮೀಟರ್ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್ ಬಳುಕುವ ಹೊಳೆ ಮಾಡಿದರು, 2012ರಲ್ಲಿ ಮುಗಿಯಿತು. ಈಗ ಅಲ್ಲಿ ನೀರುನಾಯಿಗಳು ಕಾಣಿಸುತ್ತವೆ, ಅಷ್ಟು ದೊಡ್ಡ ನಗರದ ಮಧ್ಯೆ!

ಇದೆಲ್ಲ ಆಗುವವರೆಗೆ ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರೇ ಹೊರಗೆ ಬಿಡಬೇಡಿ. ಚಿರತೆ ಕಂಡರೆ ಗುಂಪು ಕಟ್ಟಿಕೊಂಡು ಮೊಬೈಲ್ ಹಿಡಿದು ಹಿಂದೆ ಹೋಗಬೇಡಿ, ಸುತ್ತುವರಿದರೆ ಅದು ಗಾಬರಿಯಾಗಿ ಮೇಲೆ ಬೀಳಬಹುದು. ಅರಣ್ಯ ಇಲಾಖೆಗೆ ಫೋನ್ ಮಾಡಿ. ಭಾನುವಾರ ನಾನು ಬರುತ್ತೇನೆ ಚಿಕ್ಕಪ್ಪ, ಕೂತು ಅರ್ಜಿ ಹೊಸದಾಗಿ ಬರೆಯೋಣ.